ಹಿಟ್ಟಿನ ಹಡಗಿನ ಅಡಿಯಲ್ಲಿ

ಬುಧವಾರ, ಮಧ್ಯಾಹ್ನ

ನನ್ನ ಹಠಮಾರಿ ಮಗಳಿಗೆ ಅಪ್ಪನ ಆಶೀರ್ವಾದ. ಸಿಟ್ಟು ಇಳಿದಿದ್ದರೆ ಕೂತು ಓದು, ಇಳಿಯದಿದ್ದರೆ ನಿಂತು ಓದು.

ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಕಿತ್ತಾಡುತ್ತೇವೆ, ಅದಕ್ಕೇ ಇವತ್ತೇ ತಲುಪಲೆಂದು ಕೈಯಲ್ಲಿ ಕೊಟ್ಟು ಕಳಿಸುವ ಈ ಕಾಗದ. ನಿನ್ನೆ ಸಂಜೆ ನಾನು "ಡ್ಯೂಟಿ ಈಸ್ ಡ್ಯೂಟಿ" ಎಂದೆ, ನೀನು ಫೋನ್ ಕುಕ್ಕಿದೆ. ಆ ವಾಕ್ಯಕ್ಕೆ ಇನ್ನೊಂದು ಅರ್ಧವಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಮೇಜು ಕುಟ್ಟಿ ಹೇಳುತ್ತಿದ್ದರು, "ಬಟ್ ಕಾನ್‌ಶಿಯೆನ್ಸ್..." ಎಂದು ಶುರುವಾಗುತ್ತಿತ್ತು. ಉಳಿದದ್ದು ಮರೆತಿದೆ. ಪರೀಕ್ಷೆಯಲ್ಲೂ ಮರೆತಿತ್ತು.

ನಾನು ಪೈಲಟ್ ಎಂದಾಗ ನಿನ್ನ ಅಮ್ಮನ ಮನೆಯವರೆಲ್ಲ ಆಕಾಶ ನೋಡಿದ್ದರು. ಬಂದರಿನ ಇಕ್ಕಟ್ಟಿನ ಕಾಲುವೆಯಿಂದ ಹಡಗನ್ನು ತೆರೆದ ಕಡಲಿಗೆ ದಾಟಿಸುವವನೂ ಪೈಲಟ್ಟೇ ಎಂದು ತಿಳಿಸುವಷ್ಟರಲ್ಲಿ ನಿನ್ನ ಅಜ್ಜನ ಮುಖ ಸಣ್ಣಗಾಗಿತ್ತು. ನಿನ್ನಮ್ಮ ಮಾತ್ರ, "ಮೇಲಿಂದ ಬೀಳೋ ಭಯ ಇಲ್ವಲ್ಲ, ಸಾಕು ಬಿಡಿ" ಅಂದಳಂತೆ. ನೋಡು, ಮಾತು ಎಲ್ಲಿಗೋ ಹೋಯಿತು.

ಆ ಹಡಗಿನ ವಿಷಯಕ್ಕೆ ಬರುತ್ತೇನೆ. ಗಡಿಯಾಚೆಯ ಶಿಬಿರಗಳಿಗೆ ಗೋಧಿಹಿಟ್ಟು ಒಯ್ಯುವ ಹಡಗೆಂದು ಪೇಪರಿನಲ್ಲೆಲ್ಲ ಫೋಟೊ. ಏಣಿ ಹತ್ತುವ ಮೊದಲು, ಹಡಗು ಎಷ್ಟು ಮುಳುಗಿದೆಯೆಂದು ತೋರಿಸುವ ಪಕ್ಕದ ಗುರುತು ನೋಡಬೇಕೆಂದು, ನನ್ನ ಹಾಗೇ ಪೈಲಟ್ಟಾದ ನಿನಗೆ ಕಲಿಸಿದವನು ನಾನೇ. ನೀನು ನೋಡಿದೆ. ಕಾಗದದಲ್ಲಿದ್ದಷ್ಟು ಹಿಟ್ಟಿಗೆ ಹಡಗು ಅಷ್ಟು ಆಳಕ್ಕೆ ಕೂರುವುದಿಲ್ಲ ಎಂದು ನಿನಗೆ ಅನ್ನಿಸಿತು, ಹತ್ತಿ ಹೋಗಿ ಕೇಳಿದೆ. ಕ್ಯಾಪ್ಟನ್ ಸುಳ್ಳು ಹೇಳಲು ಬಾರದ ಪ್ರಾಣಿ, ಅಡಿಯಲ್ಲಿ ಫಿರಂಗಿ ಗುಂಡಿನ ಪೆಟ್ಟಿಗೆಗಳಿವೆ ಎಂದುಬಿಟ್ಟ. ಅದೂ ಯಾರಿಗೆ? ಆ ಜನರನ್ನು ಊರು ಬಿಡಿಸಿ ಶಿಬಿರಕ್ಕೆ ಅಟ್ಟಿದ ಸೈನ್ಯಕ್ಕೇ. ನೀನು ಏಣಿ ಇಳಿದು ಬಂದೆ.

ನಿನ್ನೆ ನಾನು ಹೇಳಿದ್ದೂ ಸುಳ್ಳಲ್ಲ ಮಗಳೇ. ಅಲ್ಲೊಬ್ಬ ತಾಯಿ ಖಾಲಿ ಪಾತ್ರೆ ಹಿಡಿದು ನಿಂತಿರುತ್ತಾಳೆ. ನಿನ್ನ ಹಠದಿಂದ ಅವಳ ಹೊಟ್ಟೆ ತುಂಬುವುದಿಲ್ಲ. ಎರಡು ದೇಶಗಳ ದೊಡ್ಡವರು ಕೂತು ಮಾಡಿದ ಒಪ್ಪಂದ, ಇಂಟರ್‌ನ್ಯಾಷನಲ್ ಮ್ಯಾಟರ್, ಹಗ್ಗದ ಏಣಿ ಹತ್ತುವ ನಮಗ್ಯಾಕೆ ಎಂದೆ. ಅದಕ್ಕೆ ನೀನು ಕೇಳಿದೆಯಲ್ಲ, "ಅಪ್ಪಾ, ಹಿಟ್ಟಿಗೆ ಸಾಲು ನಿಂತೋರ ಮೇಲೇ ಆ ಗುಂಡು ಬೀಳುತ್ತೆ. ಉಣ್ಣಿಸಿ ಕೊಲ್ಲೋಕೆ ನಾನು ದಾರಿ ತೋರಿಸಲಾ?" ಎಂದು. ನಾನು ಕೂಗಾಡಿಬಿಟ್ಟೆ.

ಇವತ್ತು ಬೆಳಗ್ಗೆ ಹಲ್ಲುಜ್ಜುವಾಗ ಉತ್ತರ ಹೊಳೆಯಿತು. ಹಿಟ್ಟನ್ನು ತಡೆದವಳು ನೀನಲ್ಲ, ಗುಂಡಿನ ಮೇಲೆ ಹಿಟ್ಟು ಪೇರಿಸಿದವರು. ಹಸಿದವರನ್ನು ಗುರಾಣಿ ಮಾಡಿಕೊಂಡು ಹಿಂದೆ ಪೆಟ್ಟಿಗೆ ಅಡಗಿಸಿದವರು. ಏಣಿ ಇಳಿದು ಬಂದದ್ದಕ್ಕೆ ಆಫೀಸಿನವರು ನಾಳೆ ನಡೆಸುವ ವಿಚಾರಣೆಯಲ್ಲಿ "ಹೋಗಲ್ಲ" ಅನ್ನಬೇಡ. "ಗುಂಡು ಇಳಿಸಿ, ಹಿಟ್ಟನ್ನ ಈಗಿಂದೀಗಲೇ ದಾಟಿಸ್ತೀನಿ" ಅನ್ನು. ಸಮವಸ್ತ್ರ ಹಾಕಿಕೊಂಡು, ಲೈಫ್ ಜಾಕೆಟ್ ಕೈಯಲ್ಲಿ ಹಿಡಿದೇ ಹೋಗು. ಆಗ ಆ ತಾಯಿಗೆ ಉತ್ತರ ಹೇಳಬೇಕಾದವರು ಮೇಜಿನ ಆಚೆ ಕೂತಿರುತ್ತಾರೆ, ಈಚೆ ಅಲ್ಲ.

ಲೈಸೆನ್ಸ್ ಕಿತ್ತುಕೊಳ್ಳಬಹುದು. ಹೋದರೆ ಹೋಯಿತು ಎನ್ನಲಾರೆ, ಅದಕ್ಕೆ ನೀನು ಪಟ್ಟ ಪಾಡು ಕಂಡವನು ನಾನು. ಆದರೂ ನನಗೆ ಭಯವಿಲ್ಲ. ನಿನ್ನನ್ನು ಬಿಟ್ಟರೆ ಆ ಹಡಗನ್ನು ದಾಟಿಸಲು ಅವರಿಗೆ ಯಾರೂ ಸಿಗುವುದಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ.

ಇಂತು, ಬಾಯಿಬಡುಕನಾದರೂ ನಿನ್ನ ಪಕ್ಷದವನಾದ

ಅಪ್ಪ

ತಾ.ಕ.: ಕೇಳದೆ ಬಿಡುವವಳಲ್ಲ ನೀನು. ನಿನ್ನ ಜೊತೆಯವರೆಲ್ಲ ಏಣಿ ಮುಟ್ಟಲ್ಲ ಎಂದ ಮೇಲೆ ಆಫೀಸಿನವರು ನನ್ನಂಥ ರಿಟೈರಾದ ಪೈಲಟ್ಟುಗಳನ್ನು ಹುಡುಕಿದರು. ನಿನ್ನೆ ನಿನ್ನ ಜೊತೆ ಜಗಳವಾಡುವಾಗ ಆ ಹಡಗು ದಾಟಿಸಲು ನಾನು ಆಗಲೇ ಹೂಂ ಅಂದಾಗಿತ್ತು. ಇವತ್ತು ಬೆಳಗ್ಗೆ ಮಂಡಿನೋವು ಎಂದು ಹೇಳಿಕಳಿಸಿ, ಉಳಿದ ಇಬ್ಬರು ಹಳಬರ ಮನೆಗೂ ಹೋಗಿಬಂದೆ. ಗುಂಡಣ್ಣ, "ನನಗೆ ಬೀಪಿ ಕಣಯ್ಯಾ, ಈಗ್ತಾನೇ ಶುರುವಾಯ್ತು" ಅಂದ. ನಾವು ಕಡ್ಡಿ ಎಂದು ಕರೆಯುವ ಇನ್ನೊಬ್ಬನಿಗೆ ಏಣಿ ಅಂದರೇ ತಲೆಸುತ್ತಂತೆ. ಬಂದರಿನ ಡಾಕ್ಟರು ನನ್ನ ಮಂಡಿ ತಟ್ಟಿ ನೋಡಿ ಮುಖ ಗಂಟಿಕ್ಕಿಕೊಂಡು, "ಇದು ಅಂಟುರೋಗ ಸ್ವಾಮೀ. ಹಡಗು ಹಗುರಾಗೋವರೆಗೂ ವಾಸಿಯಾಗಲ್ಲ" ಅಂದರು.