ಸೀಟು ಭರ್ತಿ

ಮಾರ್ಚ್ 3, ಸೋಮವಾರ

ನನ್ನ ಪಾಪು ಆರಕ್ಕೇ ಎದ್ದಿತು. ಅಕ್ಕ ಎತ್ತಿಕೊಂಡಳು. ನಾನು ಮಗ್ಗುಲು ಬದಲಿಸಿ ಇನ್ನೊಂದು ನಿದ್ದೆ ತೆಗೆದೆ. ಎದ್ದು ನೋಡಿದರೆ ಹಾಲಿನ ಬಾಟಲಿಗಳು ತೊಳೆದಾಗಿವೆ, ಲ್ಯಾಬಿಗೆ ಒಯ್ಯುವ ನನ್ನ ಡಬ್ಬಿ ಕಟ್ಟಿಯಾಗಿದೆ. ಮಹಾರಾಣಿ ಯೋಗ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರ ಮಾಮೂಲಿ ಆಟ — ನಮ್ಮ ದೇಶಕ್ಕೂ ನಾವೀಗ ಇರುವ ಈ ದೇಶಕ್ಕೂ ಮಾರ್ಕ್ಸ್ ಹಾಕುವುದು. ನೀರಿಗೆ ಇಲ್ಲಿ ಹತ್ತು, ಅಲ್ಲಿ ನಾಲ್ಕು. ಆಸ್ಪತ್ರೆಗೆ ಇಲ್ಲಿ ಎಂಟು, ಅಲ್ಲಿ ಐದು. "ಫುಟ್‌ಪಾತಿಗೆ?" ಅಂದೆ. "ಅಲ್ಲಿ ಇದ್ರೆ ತಾನೇ ಮಾರ್ಕ್ಸ್ ಹಾಕೋದು!" ಅಂದರು ಇವರು. ಅಕ್ಕ ಬಿದ್ದು ಬಿದ್ದು ನಕ್ಕಳು. ಇಪ್ಪತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳ ಗಂಟಲು. ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು. ಎಲ್ಲರೂ ಗಪ್‌ಚಿಪ್.

"ನಗೋದಕ್ಕೆ ಎಷ್ಟು ಹಾಕ್ತೀರಿ?" ಅಂತ ಪಿಸುಗುಟ್ಟಿದಳು. ಇವರು ನೀರು ಕುಡಿದರು.

ಮಾರ್ಚ್ 5, ಬುಧವಾರ

ಅಕ್ಕ ಸಂಬಳವಿಲ್ಲದ ರಜೆ ಹಾಕಿ ಬಂದು ಹತ್ತು ತಿಂಗಳಾಯಿತು. ಇಲ್ಲಿ ಸೊರಗುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಅವಳಿಗೆ ಈ ಊರು ಹಿಡಿಸಿದೆ. ಬಿಸಿನೀರು, ಲಿಫ್ಟು ಅಂತಲ್ಲ — "ಮದುವೆ ಯಾಕಾಗ್ಲಿಲ್ಲ ಅಂತ ಇಲ್ಲಿ ಒಬ್ಬರೂ ಕೇಳಿಲ್ಲ ಕಣೇ!"

"ನಿಂಗೆ ಭಾಷೆ ಬಂದ್ರೆ ತಾನೇ ಕೇಳೋದು" ಅಂದೆ.

"ಹಂಗಾದ್ರೆ ಬೇಗ ಕಲೀಬೇಕು."

ತಮಾಷೆಗಲ್ಲ. ಲೈಬ್ರರಿಯಲ್ಲಿ ಹೊಸಬರಿಗೆ ಭಾಷೆ ಕಲಿಸುತ್ತಾರಂತೆ, ಪುಕ್ಕಟೆ. ಪಾರ್ಕಿನಲ್ಲಿ ಪರಿಚಯವಾದ ಟೀಚರಮ್ಮ ಕೈಸನ್ನೆಯಲ್ಲೇ ಎಲ್ಲ ಹೇಳಿದ್ದಾರೆ. ಭಾಷೆ ಬಂದರೆ ಇಲ್ಲಿನ ಬಸ್ ಡಿಪೋದಲ್ಲಿ ಕೆಲಸ ಕೇಳುತ್ತಾಳಂತೆ. ಡ್ರೈವಿಂಗ್ ಆದರೂ ಸರಿಯಂತೆ. ಕಣ್ಣು ಹೊಳೆಯುತ್ತಿತ್ತು. "ಸ್ವಲ್ಪ ವಿಚಾರ್ಸು ಪುಟ್ಟಿ."

ಹೂಂ ಅಂದೆ. ಕ್ಲಾಸು ಮಂಗಳವಾರ, ಗುರುವಾರ, ಬೆಳಗ್ಗೆ.

ಬೆಳಗ್ಗೆ... ಪಾಪು?

ಮಾರ್ಚ್ 11, ಮಂಗಳವಾರ

ಲ್ಯಾಬಿನಿಂದಲೇ ಎರಡು ಫೋನ್ ಮಾಡಿದೆ. ಲೈಬ್ರರಿಯವರು — ಜಾಗ ಇದೆ, ಇದೇ ವಾರ ಕಳಿಸಿ. ಡೇಕೇರಿನವರು — ಸೀಟು ಭರ್ತಿ, ಬರುವ ವರ್ಷ ನೋಡೋಣ.

ಸಂಜೆ ಬಾಗಿಲಲ್ಲೇ ಅಕ್ಕ. ಸೊಂಟದ ಮೇಲೆ ಪಾಪು. "ಏನಂದ್ರೆ?"

"ಸೀಟು ಭರ್ತಿ ಅಂತೆ ಅಕ್ಕ."

ಒಂದು ಕಡೆಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿಬಿಟ್ಟೆ. ಪೂರ್ತಿ ಸುಳ್ಳಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ. ಸುಳ್ಳೇ. ಅಕ್ಕನ ಮುಖ ಸಣ್ಣದಾಯಿತು.

"ನಿಂತ್ಕೊಂಡಾದ್ರೂ ಕೇಳಿಸ್ಕೋತಾಳೆ ಅನ್ಬೇಕಿತ್ತು. ನಮ್ಮ ಬಸ್ಸಲ್ಲಿ ಸೀಟಿಲ್ಲ ಅಂದ್ರೂ ಯಾರೂ ಇಳೀತಿರ್ಲಿಲ್ಲಪ್ಪ."

ನಗಬೇಕಿತ್ತು. ಆಗಲಿಲ್ಲ. ಇವರಿಗೆ ನಿಜ ಹೇಳಿದೆ. "ಸದ್ಯಕ್ಕೆ ಒಳ್ಳೇದೇ ಆಯ್ತು ಬಿಡು" ಅಂದರು. ಯಾರಿಗೆ ಒಳ್ಳೆಯದು ಅಂತ ನಾನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಮಾರ್ಚ್ 30, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಏನಂತ ಬರೆಯುವುದು? ಇವತ್ತು ಬರೆಯದೆ ಇರಲಾಗುತ್ತಿಲ್ಲ.

ಪಾರ್ಕಿನಲ್ಲಿ ಟೀಚರಮ್ಮ ಸಿಕ್ಕಿದರು. ಅಕ್ಕನನ್ನು ಕಂಡು ಓಡಿಬಂದು ಕೈ ಹಿಡಿದುಕೊಂಡರು. ನನ್ನ ಕಡೆ ತಿರುಗಿ — ನಿಮ್ಮ ಅಕ್ಕ ಯಾಕೆ ಬರಲೇ ಇಲ್ಲ? ಅವರಿಗೆ ಅಂತ ಕುರ್ಚಿ ಇನ್ನೂ ಇಟ್ಟಿದ್ದೇನೆ.

"ಏನಂತಾರೆ?" ಅಕ್ಕ.

"ಪಾಪು ಮುದ್ದಾಗಿದೆ ಅಂತಾರೆ."

ಅಕ್ಕ ಬೀಗಿದಳು. "ಮುಂದಿನ್ ಸಲ ಒಂದು ಸೀಟು ಕೊಡ್ಲೇಬೇಕು ಅಂತ ಕೇಳು. ಎಲ್ಲರಿಗಿಂತ ಮೊದ್ಲು ಬರ್ತೀನಿ ಅನ್ನು."

ನಾನು ಅವರ ಭಾಷೆಯಲ್ಲಿ ಹೇಳಿದ್ದು — ಮಗು ಚಿಕ್ಕದು, ಅಕ್ಕನಿಗೆ ಈಗ ಪುರುಸೊತ್ತಿಲ್ಲ, ಇಷ್ಟವೂ ಇದ್ದ ಹಾಗಿಲ್ಲ.

ಟೀಚರಮ್ಮ ಸಪ್ಪಗಾದರು. ಆದರೂ ಅಕ್ಕನ ಭುಜ ತಟ್ಟಿದರು. ಇಬ್ಬರೂ ನನಗೇ ಥ್ಯಾಂಕ್ಸ್ ಹೇಳಿದರು.

'ಇಷ್ಟವೂ ಇದ್ದ ಹಾಗಿಲ್ಲ.' ಅದನ್ನು ಯಾಕೆ ಸೇರಿಸಿದೆ? ಯಾರೂ ಕೇಳಿರಲಿಲ್ಲ.

ಏಪ್ರಿಲ್ 6, ಭಾನುವಾರ

ಊರಿನ ಡಿಪೋದಿಂದ ಅಕ್ಕನಿಗೆ ಫೋನು. ರಜೆ ಮುಗಿಯುತ್ತಾ ಬಂತು. ವಾಪಸು ಬರುತ್ತಾಳೋ, ಕೆಲಸ ಬಿಡುತ್ತಾಳೋ, ಈ ವಾರವೇ ತಿಳಿಸಬೇಕು.

"ಹೋಗ್ಬಿಡ್ತೀನಿ ಪುಟ್ಟಿ" ಅಂದಳು. "ದೇಶ ಚೆನ್ನಾಗೇ ಇದೆ. ನನ್ನಂಥೋಳಿಗಲ್ಲ, ಅಷ್ಟೇ. ಕಲೀತೀನಿ ಅಂದ್ರೂ ಕೂರೋಕೆ ಒಂದು ಜಾಗ ಇಲ್ಲ ಅಂದ್ಬಿಟ್ರಲ್ಲ."

ನನಗೆ ಮೊದಲು ಬಂದ ಯೋಚನೆ — ಪಾಪುವನ್ನು ನೋಡಿಕೊಳ್ಳುವವರು ಯಾರು? ಅಕ್ಕ ಹೋಗುತ್ತಾಳೆ ಅನ್ನುವುದು ಆಮೇಲೆ ಬಂತು. ಥೂ ನನ್ನ ಜನ್ಮಕ್ಕೆ.

ಅಡುಗೆಮನೆಯಲ್ಲಿ ಬಾಟಲಿ ಒರೆಸುತ್ತಿದ್ದಳು. ಹೋಗಿ ಎಲ್ಲ ಹೇಳಿಬಿಟ್ಟೆ. ಎರಡು ಫೋನು, ಡೇಕೇರು, ಪಾರ್ಕಿನಲ್ಲಿ ಆಡಿದ್ದು. 'ಇಲ್ಲಿ ಬದುಕು ಚೆನ್ನಾಗಿದೆ, ಬಾ ಅಕ್ಕ' ಅಂತ ಕರೆಸಿಕೊಂಡವಳೇ ನಾನು. ಚೆನ್ನಾಗಿದ್ದದ್ದು ನನ್ನ ಬದುಕು. ಅದೂ ಅವಳು ಬಂದ ಮೇಲೆ.

ಅಕ್ಕ ಬೈಯಲಿಲ್ಲ. ಕೈಲಿದ್ದ ಬಾಟಲಿ ಪೂರ್ತಿ ಒರೆಸಿಟ್ಟಳು.

"ಕ್ಲಾಸು ಆಮೇಲೆ ನೋಡೋಣ, ಪಾಪು ನೋಡ್ಕೋ ಅಕ್ಕ ಅಂದಿದ್ರೆ ಹೂಂ ಅಂತಿದ್ದೆ ಕಣೇ. ನೀನು ಕೇಳ್ಳೇ ಇಲ್ಲ. ಸುಮ್ನೆ ತಪ್ಪನ್ನ ಇಡೀ ದೇಶದ ತಲೆಗೆ ಕಟ್ಟಿದೆ. ನಾನು ಒಂದು ತಿಂಗಳು ಈ ಜನಾನ ಬೈಕೊಂಡು ಓಡಾಡಿದೆ."

ನಾನು ಅತ್ತೆ. ಅವಳು ಅಳಲಿಲ್ಲ. ಆಮೇಲೆ ಕೇಳಿದ್ದು ಒಂದೇ — "ಮಂಗಳವಾರ ಎಷ್ಟು ಗಂಟೆಗೆ?"

ಏಪ್ರಿಲ್ 8, ಮಂಗಳವಾರ, ಬೆಳಗ್ಗೆ

ಲ್ಯಾಬಿಗೆ ರಜೆ ಹಾಕಿದೆ. ಗುರುವಾರ ಇವರ ಸರದಿ. ಅದಾದ ಮೇಲೆ ಹೇಗೋ, ಏನೋ.

ಅಕ್ಕ ಹೋದಳು. ಜೊತೆಗೆ ಬರುತ್ತೇನೆ ಅಂದಿದ್ದಕ್ಕೆ "ಬೇಡ" ಅಂದಳು. ಡಿಪೋಗೆ ಏನು ಹೇಳುತ್ತಾಳೋ ಗೊತ್ತಿಲ್ಲ. ಕೇಳುವ ಬಾಯಿ ನನಗಿಲ್ಲ. ಭಾನುವಾರದಿಂದ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಜೋರು ದನಿಯವಳು ಮೆತ್ತಗೆ ಮಾತಾಡಿದರೆ ಹೆದರಿಕೆಯಾಗುತ್ತದೆ.

ಪಾಪು ನನ್ನ ಕೈಯಿಂದ ಬಾಟಲಿ ಮುಟ್ಟುತ್ತಿಲ್ಲ. ಬಾಗಿಲ ಕಡೆಯೇ ನೋಡುತ್ತದೆ. ಮೂರು ಸಲ ಬಿಸಿ ಮಾಡಿದೆ. ಅಂಗಿ ತುಂಬ ಹಾಲು. ನನ್ನ ಮಗುವಿಗೆ ನಾನೇ ಹೊಸಬಳು. ತೊಡೆಯ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರವೆಲ್ಲ ಸೊಟ್ಟ. ಫೋನು. ಗೊತ್ತಿಲ್ಲದ ನಂಬರು...

ಅಕ್ಕನೇ. ಟೀಚರಮ್ಮನ ಫೋನಿನಿಂದ. ಹಿಂದೆ ಗದ್ದಲವೋ ಗದ್ದಲ, ಯಾರೋ ನಗುತ್ತಿದ್ದಾರೆ. ಅಕ್ಕನದು ಅವಳ ಹಳೆಯ ದನಿ.

"ಬಂದು ತಲುಪಿದೆ ಕಣೇ! ಮುಂದಿನ್ ಸಾಲಲ್ಲೇ ಕೂರ್ಸಿದಾರೆ. ಪಾಪು ಹಾಲು ಕುಡೀತಾ?"

"ಹೂಂ ಅಕ್ಕ, ಕುಡೀತು" ಅಂದೆ.

ಮತ್ತೆ ಸುಳ್ಳು — ಈ ಸಲ ಅವಳು ಆ ಕುರ್ಚಿ ಬಿಟ್ಟು ಏಳದಿರಲಿ ಅಂತ.