ಭೂರ್ಜದ ಕೆಳಗೆ ಎಷ್ಟು ಹಿಮ

ಜನವರಿ 11, ಬೆಳಿಗ್ಗೆ 9
ಹಿಮದ ಅಳತೆಗೋಲು ನೋಡಿ ಬಂದೆ. ಎಲೆ ಉದುರದ ಸ್ಪ್ರೂಸ್ ಮರದ ಕೆಳಗೆ 29 ಸೆಂ.ಮೀ. ಎಲೆ ಉದುರಿದ ಭೂರ್ಜದ ಕೆಳಗೆ 71. ನಮ್ಮ ನರೀನ್ ಕಣಿವೆಗೆಲ್ಲ ಸುರಿಯುವುದು ಒಂದೇ ಹಿಮ. ಸ್ಪ್ರೂಸ್ ಅರ್ಧಕ್ಕಿಂತ ಹೆಚ್ಚು ಹಿಮವನ್ನು ಕೊಂಬೆಯಲ್ಲೇ ಹಿಡಿದು ಗಾಳಿಗೆ ಒಣಗಿಸಿಬಿಡುತ್ತದೆ. ಬೋಳು ಭೂರ್ಜ ಏನು ಹಿಡಿದೀತು... ನಾನು ಅಳತೆ ಕಳಿಸುವ ಹವಾಮಾನ ಕಚೇರಿಯ ಫಾರಂನಲ್ಲಿ ‘ಕಾಡು’ ಅಂತ ಒಂದೇ ಕಾಲಂ. ಸರಾಸರಿ 50 ಬರೆದೆ.

ಜನವರಿ 14
ಮಾವ ಕುರಿದೊಡ್ಡಿಯನ್ನು ಭೂರ್ಜದ ಇಳಿಜಾರಿನ ಬುಡಕ್ಕೆ ಸಾಗಿಸುತ್ತಾರಂತೆ. ಹೋದ ವರ್ಷ ಸ್ಪ್ರೂಸ್‌ನಿಂದ ಹಿಮದ ಗಡ್ಡೆ ಬಿದ್ದು ಚಾವಣಿ ಮುರಿದಿತ್ತು, ನಿಜ. ಆದರೆ ಆ ಇಳಿಜಾರಿನ ಹಿಮ ಜಾರಿದರೆ? ನಮ್ಮಲ್ಲಿ ಸೊಸೆ ಮಾವನ ಹೆಸರೆತ್ತುವಂತಿಲ್ಲ. ಎದುರಾಡುವುದಂತೂ ದೂರ. ಗಂಡನಿಗೆ ಹೇಳಿದೆ.
“ಎರ್ಮೆಕ್, ನೀನೇ ಹೇಳು. ಎಪ್ಪತ್ತೊಂದಿದೆ ಅಲ್ಲಿ!”
“ಹೇಳ್ತೀನಿ ಮಾರಾಯ್ತಿ, ಟೀ ಕುಡಿಯೋಕಾದ್ರೂ ಬಿಡು.”
ಹೇಳಿದ ಚೆಂದ ನೋಡಬೇಕು — “ಅಪ್ಪಾ, ಅಲ್ಲಿ ಹಿಮ ಸ್ವಲ್ಪ ಜಾಸ್ತಿಯಂತೆ.”
“ಯಾರಂದ್ರು, ನಿನ್ನ ಹೆಂಡ್ತಿ ಕೋಲಾ? ಅರವತ್ತು ಚಳಿಗಾಲ ಕಂಡಿದೀನಿ ಕಣೋ. ಆ ಮರದ ಕೆಳಗೆ ಬಿಸಿಲಾದ್ರೂ ಬೀಳುತ್ತೆ.”
ಬಿಸಿಲು ಬೀಳುವ ಸಂದಿಯಲ್ಲೇ ಹಿಮವೂ ಬೀಳುತ್ತದೆ. ಅವರ ಬಟ್ಟಲಿಗೆ ಟೀ ಬಗ್ಗಿಸಿದೆ. ನನ್ನ ಮೇಲೇ ಸಿಟ್ಟು.

ಜನವರಿ 30
ದೊಡ್ಡಿ ಸಾಗಿಸಿಯಾಯಿತು. ಎರ್ಮೆಕ್ ಕುರಿಗಳ ಜೊತೆ ಅಲ್ಲೇ ಇರುತ್ತಾನೆ. ಸ್ಪ್ರೂಸ್ 32, ಭೂರ್ಜ 104. ಕಚೇರಿಗೆ ಫೋನ್ ಮಾಡಿದೆ.
“ಸರಾಸರಿ ಅರವತ್ತೆಂಟು ಅಲ್ವೇನಮ್ಮ? ನೂರು ದಾಟಿದ್ರೆ ಮಾತ್ರ ಎಚ್ಚರಿಕೆ ಕೊಡೋದು.”
“ನನ್ನ ಗಂಡ ಸರಾಸರಿ ಕೆಳಗೆ ಮಲಗಿಲ್ಲ ಸಾರ್.”
ನಕ್ಕು ಫೋನ್ ಇಟ್ಟರು.

ಫೆಬ್ರವರಿ 6
ಮೂರು ದಿನದಿಂದ ಹಿಮ ನಿಂತಿಲ್ಲ. ಭೂರ್ಜದಲ್ಲಿ ಕೋಲಿನ ತುದಿ ಮಾತ್ರ ಕಾಣುತ್ತದೆ — 150. ಸ್ಪ್ರೂಸ್ 38, ಸರಾಸರಿ ಇನ್ನೂ 94. ಇವತ್ತು ಹೇಳಿಯೇ ಬಿಡಬೇಕೆಂದು ಮಾವನ ಎದುರು ಹೋಗಿ ನಿಂತೆ.
“ಏನಮ್ಮ, ಬೋರ್ಸೊಕ್ ಕರಿದಾಯ್ತಾ?”
ಕರಿದ ಹಿಟ್ಟಿನ ತುಂಡುಗಳನ್ನು ತಂದಿಟ್ಟು, ಆಯ್ತು ಎಂದೆ. ಬಾಯಿಂದ ಅಷ್ಟೇ ಹೊರಟಿದ್ದು.

ಫೆಬ್ರವರಿ 13
ಏಳರಂದು ಮಧ್ಯಾಹ್ನ ಇಳಿಜಾರಿನ ಹಿಮ ದೊಡ್ಡಿಯ ಮೇಲೆ ಜಾರಿತು. ಎರ್ಮೆಕ್‌ನ ದೇಹ ಹತ್ತರಂದು ಸಿಕ್ಕಿತು. ಸ್ಪ್ರೂಸ್ ಕೆಳಗಿನ ಹಳೇ ದೊಡ್ಡಿ ಹಾಗೇ ನಿಂತಿದೆ.
ಮತ್ತೆ ಬೋರ್ಸೊಕ್ ಕರಿಯುತ್ತಿದ್ದೆ, ಈ ಸಲ ಅವನ ಹೆಸರಿನಲ್ಲಿ ಹಂಚಲು. ಮಾವ ಒಲೆಯ ಹತ್ತಿರ ಬಂದು ಕೂತರು.
“ಎಷ್ಟಿತ್ತು ಮಗಳೇ, ಆ ಮರದ ಕೆಳಗೆ?”
ಮದುವೆಯಾಗಿ ಒಂಬತ್ತು ವರ್ಷ. ಹಿಮದ ಮಾತು ನನ್ನನ್ನೇ ಕೇಳಿದ್ದು ಇದೇ ಮೊದಲು. ಕರಿಯುವ ಜಾಲರಿ ಕೆಳಗಿಟ್ಟೆ. ಬರೆದುಕೊಡುತ್ತೇನೆ ಎಂದೆ. ಕಾಯುತ್ತಿದ್ದಾರೆ.
ಸ್ಪ್ರೂಸ್ 38.
ಭೂರ್ಜ —