ಕೂತವರು ಗೋಡೆಯಾದ ಅಂಗಳ

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ "ಅದು ಅಷ್ಟು ಸರಳ ಅಲ್ಲ ಕಣೇ" ಅಂತೀಯ, ನಾನು ಫೋನ್ ಕುಕ್ಕುತ್ತೀನಿ. ಪತ್ರದಲ್ಲಿ ಆ ತಾಪತ್ರಯ ಇಲ್ಲ. ಬೈಯುವುದಿದ್ದರೂ ಪೂರ್ತಿ ಓದಿಯೇ ಬೈಯಬೇಕು.

ಸೋಮವಾರ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ನಿಮ್ಮ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಅಡುಗೆ ಮಾಡುವ, ಮೆಟ್ಟಿಲು ಒರೆಸುವ, ಪಾಯಿಖಾನೆ ತೊಳೆಯುವ ಹೆಂಗಸರ ಕೆಲಸ ಉಳಿಯುತ್ತೋ ಹೋಗುತ್ತೋ ಅವತ್ತು ತೀರ್ಮಾನ. ಕೆಲಸ ಖಾಯಂ ಮಾಡಿ ಅಂತ ಅವರು ಕಚೇರಿ ಮುಂದಿನ ಅಂಗಳದಲ್ಲಿ ಧರಣಿ ಕೂತು ತಿಂಗಳು ದಾಟಿತು. ಈಗಲೂ ಕೂತಿದ್ದಾರೆ. ಧರಣಿ ಕೂತವರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಹೇಳದೆ ಕೇಳದೆ ಗೈರುಹಾಜರಾದವರನ್ನು ತೆಗೆಯಬಹುದು. ನಿಮ್ಮ ರಿಜಿಸ್ಟ್ರಾರ್ ಈ ಸಂದಿಯಲ್ಲೇ ನುಸುಳಿದ. ಅಂಗಳದಲ್ಲಿ ಧರಣಿಯೇ ನಡೆದಿಲ್ಲ, ನಮ್ಮದೇ ಪ್ರೊಫೆಸರ್ ಮಾಡಿದ ಯಂತ್ರ ದಿನವಿಡೀ ಅಲ್ಲಿನ ಜನರನ್ನು ಎಣಿಸಿದೆ, ಅಂಗಳ ಖಾಲಿಯಿತ್ತು, ಇವರೆಲ್ಲ ಮನೆಯಲ್ಲಿ ಮಲಗಿದ್ದರು ಎಂದು ಎಲ್ಲರನ್ನೂ ತೆಗೆದುಹಾಕಿದ. ನಾವು ಸಂಘದವರು ಫೋಟೋ ಕೊಟ್ಟೆವು. ಫೋಟೋ ಒಂದು ಕ್ಷಣದ್ದು, ಎಣಿಕೆ ಇಡೀ ದಿನದ್ದು ಅಂದ.

ಆ ಪ್ರೊಫೆಸರ್ ನೀನು. ಆ ಅಂಗಳ ನಿನ್ನ ಕೋಣೆಯ ಕಿಟಕಿಯ ಕೆಳಗಿದೆ. ಆ ಹೆಂಗಸರ ಕಾಲು ತುಳಿಯದ ಹಾಗೆ ಸೀರೆ ನೆರಿಗೆ ಎತ್ತಿ ಹಿಡಿದು ದಾಟಿಕೊಂಡು ನೀನು ದಿನಾ ಕೆಲಸಕ್ಕೆ ಹೋಗುತ್ತೀಯ. ಅವರ ಪಾತ್ರೆಯಿಂದ ಚಹಾ ಕುಡಿದಿದ್ದೀಯ. ಹಾಗಾದರೆ ವಿಚಾರಣೆಗೆ ಬಂದು ಹೇಳು, ಕಣ್ಣಾರೆ ಕಂಡೆ ಅಂತ ಹೇಳು ಅಂದದ್ದಕ್ಕೆ ನೀನು ಕೊಟ್ಟ ಉತ್ತರ ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತೆ. "ನನ್ನ ಕಣ್ಣು ಒಂದು ಸ್ಯಾಂಪಲ್ ಅಷ್ಟೇ ಕಣೇ. ಅದು ಡೇಟಾ ಆಗಲ್ಲ."

ಅಕ್ಕಾ, ಎರಡು ಕಣ್ಣು ಕೊಟ್ಟು ಹೆತ್ತ ಅಮ್ಮ ಇದನ್ನು ಕೇಳಿಸಿಕೊಂಡಿದ್ದರೆ ಸೌಟಿನಲ್ಲಿ ಕೊಡುತ್ತಿದ್ದಳು.

ಯಂತ್ರ ಯಾಕೆ ಹಾಗೆ ಮಾಡಿತು ಅಂತ ಅವತ್ತು ಕ್ಯಾಂಟೀನಿನಲ್ಲಿ ನೀನೇ ಬಿಡಿಸಿ ಹೇಳಿದೆ. ಕಂಬದ ಮೇಲಿನ ಕ್ಯಾಮೆರಾ ಚಿತ್ರ ಇಟ್ಟುಕೊಳ್ಳುವುದಿಲ್ಲ, ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತೆ. ಮೊದಮೊದಲು ಅದು ನಿಲ್ಲಿಸಿದ ಸೈಕಲ್ಲು, ಕಸದ ಡಬ್ಬಿ, ಒಣಹಾಕಿದ ಬಟ್ಟೆ ಎಲ್ಲವನ್ನೂ ಮನುಷ್ಯರೆಂದು ಎಣಿಸುತ್ತಿತ್ತು. ಅದಕ್ಕೆ ನೀನು ಕಲಿಸಿದೆ: ತುಸು ಹೊತ್ತು ಅಲುಗಾಡದೆ ಇದ್ದದ್ದು ಅಂಗಳದ ಭಾಗ, ಅದನ್ನು ಬಿಟ್ಟುಬಿಡು. ಅಲುಗಾಡುವುದನ್ನು ಎಣಿಸು. ಹೀಗೆ ಕೂತವರು ಬೆಂಚಾದರು, ಕಂಬವಾದರು, ಗೋಡೆಯಾದರು. "ಪ್ರಬಂಧದ ಕೊನೆಯಲ್ಲಿ, ಮಿತಿಗಳು ಅನ್ನೋ ಭಾಗದಲ್ಲಿ ಬರೆದಿದ್ದೀನಲ್ಲ" ಅಂದೆ. ಬರೆದಿದ್ದೀಯ, ಪುಣ್ಯಾತ್ಗಿತ್ತಿ. ಪಾಯಿಖಾನೆ ತೊಳೆಯುವವಳು ಅದನ್ನು ಓದಿಕೊಂಡು ಧರಣಿಗೆ ಬರಬೇಕಿತ್ತೇನು?

ನಾನು ಹೋಗಿ ಅವರಿಗೆ ಇದನ್ನು ವಿವರಿಸಿದೆ. ಮೆಸ್ಸಿನ ಹಿರಿಯ ಅಡುಗೆಯಾಕೆ ಇದ್ದಾಳಲ್ಲ, ಎಲ್ಲರೂ ದೊಡ್ಡ ಒಲೆ ಅಂತ ಕರೆಯುವವಳು, ಇಬ್ಬರು ಕೂರುವ ಜಾಗ ಒಬ್ಬಳಿಗೇ ಬೇಕು, ಅವಳು ಸೆರಗು ಸರಿಮಾಡಿಕೊಂಡು ಅಂದಳು: "ಮನೇಲಿ ಗಂಡನ ಕಣ್ಣಿಗೆ ಕಾಣಲ್ಲ. ಇಲ್ಲಿ ನಿಮ್ಮಕ್ಕನ ಯಂತ್ರಕ್ಕೂ ಕಾಣಲ್ಲ. ಅಷ್ಟು ಸಣ್ಣಗಾಗಿಬಿಟ್ನಾ ನಾನು?" ಅಂಗಳವೆಲ್ಲ ನಕ್ಕಿತು. ಆಮೇಲೆ ಅವಳೇ ಎದ್ದಳು. ಕಾಣಬೇಕಾದರೆ ಅಲುಗಾಡಬೇಕು ತಾನೇ, ಅಲುಗಾಡೋಣ ಬನ್ನಿ ಅಂತ. ಸರದಿ ಮೇಲೆ ಎದ್ದು ಅಂಗಳ ಸುತ್ತಿದರು. ಮಂಡಿ ನೋವಿನವರು ಇನ್ನೊಬ್ಬರ ಹೆಗಲು ಹಿಡಿದು ಸುತ್ತಿದರು. ನಿನ್ನ ಯಂತ್ರ ಅವರನ್ನು ಎಣಿಸಿತು, ಸುಳ್ಳು ಯಾಕೆ ಹೇಳಲಿ. ರಿಜಿಸ್ಟ್ರಾರ್ ಆ ಲೆಕ್ಕ ನೋಡಿ ಹೊಸ ಮಾತು ತೆಗೆದ: ಇವರು ದಾರಿಹೋಕರು.

ಕೂತರೆ ಗೋಡೆ, ನಡೆದರೆ ದಾರಿಹೋಕರು. ಹಾಗಾದರೆ ಈ ಹೆಂಗಸರು ಹೇಗಿದ್ದರೆ ನಿಮಗೆ ಮನುಷ್ಯರು ಅಂತ ಕೇಳಿದರೆ, ನೀನು ಕನ್ನಡಕ ತೆಗೆದು ಒರೆಸಿ "ಒಳ್ಳೆ ಪ್ರಶ್ನೆ" ಅಂದೆ. ತರಗತಿಯಲ್ಲಿ ಹುಡುಗರಿಗೆ ಅನ್ನುವ ಹಾಗೆ.

ನೀನು ದಡ್ಡಿಯಾಗಿದ್ದರೆ, ಕಲ್ಲೆದೆಯವಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆಟದ ಮೈದಾನದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಮಕ್ಕಳು ಸತ್ತಾಗ ವಾರಗಟ್ಟಲೆ ಅನ್ನ ಸೇರದೆ ಈ ಯಂತ್ರ ಕಟ್ಟಲು ಕೂತವಳು ನೀನು. ಚಿಕ್ಕಂದಿನಲ್ಲಿ ನೀನು ಅಡುಗೆಮನೆ ಗೋಡೆಗೆ ಕೆನ್ನೆ ಆನಿಸಿ ಇರುವೆ ಸಾಲು ನೋಡುತ್ತಿದ್ದೆ. ಬೆರಳಿನಿಂದ ಸಾಲು ಅಳಿಸಿ, ಮತ್ತೆ ಹೇಗೆ ಕೂಡಿಕೊಳ್ಳುತ್ತವೆ ಅಂತ ಕಾಯುತ್ತಿದ್ದೆ. ಅಮ್ಮ ಹೊಲಿಗೆ ಯಂತ್ರದ ಮುಂದಿನಿಂದಲೇ ಕೂಗುವಳು, "ಇರುವೆ ನೋಡಿದ್ರೆ ಹೊಟ್ಟೆ ತುಂಬುತ್ತೇನೇ, ಹಾಲು ಉಕ್ಕುತ್ತಿದೆ ನೋಡು." ನೀನು ನನ್ನ ಕಿವಿಯಲ್ಲಿ ಪಿಸುಗುಟ್ಟುವೆ, "ಒಂದೊಂದು ಇರುವೆಗೆ ಏನೂ ಗೊತ್ತಿಲ್ಲ ಕಣೇ. ಎಲ್ಲಾ ಸೇರಿದಾಗ ಗೊತ್ತಾಗುತ್ತೆ." ಅದೇ ಮಾತು ಹಿಡಿದು ನೀನು ಡಾಕ್ಟರೇಟ್ ಮಾಡಿದೆ, ನಾನು ಸಂಘ ಕಟ್ಟಿದೆ. ಸಂಕೀರ್ಣ ವ್ಯವಸ್ಥೆ ಅಂತ ನೀನು ಬೋರ್ಡಿನ ಮೇಲೆ ಬರೆಯುವುದನ್ನು ನಾವು ಬೀದಿಯಲ್ಲಿ ಒಗ್ಗಟ್ಟು ಅಂತೀವಿ.

ನೀನು ಹತ್ತಿದ ಏಣಿಯೂ ನನಗೆ ಗೊತ್ತು. ಕಿಟಕಿಯಿಲ್ಲದ ಕೋಣೆ, ಗುತ್ತಿಗೆ ಪಾಠ, ವರ್ಷಕ್ಕೊಮ್ಮೆ ಇರ್ತೀಯೋ ಹೋಗ್ತೀಯೋ ಅನ್ನುವ ಕಾಗದ. ನೀನು ಬರೆದ ಪ್ರಬಂಧಕ್ಕೆ ದೊಡ್ಡ ಮೇಷ್ಟ್ರ ಹೆಸರು ಮೊದಲು. ಇರುವೆ ಹಿಡಿಯೋ ಹೆಂಗಸು ಅಂತ ಸಭೆಯಲ್ಲಿ ನಕ್ಕ ಅದೇ ಮೇಷ್ಟ್ರು, ನೀನು ಕೃತಕ ಬುದ್ಧಿಮತ್ತೆ ಅಂದ ಮೇಲೆ ಎದ್ದು ಕುರ್ಚಿ ಕೊಟ್ಟರು. ಕೆಲಸ ಖಾಯಂ ಆದ ದಿನ ನೀನು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ. ಬಾಗಿಲಾಚೆ ನಾನಿದ್ದೆ. ಖಾಯಂ ಅನ್ನುವ ಮಾತಿನ ಬೆಲೆ ನಿನಗೆ ಹೇಳಿಕೊಡಬೇಕಾ?

ಈಗ ಹೊಸ ಸಂಶೋಧನಾ ಕೇಂದ್ರದ ಮುಖ್ಯಸ್ಥೆಯ ಕುರ್ಚಿ ನಿನಗೆ ಅಂತ ಎಲ್ಲರೂ ಮಾತಾಡುತ್ತಿದ್ದಾರೆ. ರಿಜಿಸ್ಟ್ರಾರ್ ರುಜು ಒಂದು ಬಾಕಿ. ಸೋಮವಾರ ನೀನು ಬಾಯಿ ಬಿಟ್ಟರೆ ಆ ರುಜು ಬೀಳಲಿಕ್ಕಿಲ್ಲ. ಅದು ಸಣ್ಣ ಮಾತು ಅಂತ ನಾನು ಹೇಳುವುದಿಲ್ಲ. ಇಷ್ಟು ವರ್ಷ ಕಾದವಳ ಬಾಯಿಂದ ತುತ್ತು ಕಸಿದುಕೊಂಡ ಹಾಗೆ. ಆದರೆ ಭಯವಾಗುತ್ತೆ ಅಂದಿದ್ದರೆ ನಾನು ತಬ್ಬಿಕೊಳ್ಳುತ್ತಿದ್ದೆ. ನೀನು ಭಯಕ್ಕೆ ವಿಜ್ಞಾನದ ಅಂಗಿ ತೊಡಿಸಿದೆ. ಹೊಟ್ಟೆ ಉರಿಯುವುದು ಅದಕ್ಕೆ.

ಇನ್ನೊಂದು ಮಾತು ಮೊನ್ನೆಯಿಂದ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಅಮ್ಮ ನಮ್ಮಿಬ್ಬರನ್ನು ಓದಿಸಿದ್ದು ಹೊಲಿಗೆ ಯಂತ್ರದ ಮುಂದೆ ಕೂತು. ಬೆನ್ನು ಬಾಗುವವರೆಗೂ ಕೂತಳು. ನಿನ್ನ ಕ್ಯಾಮೆರಾ ನಮ್ಮ ಮನೆಯ ಮೂಲೆಯಲ್ಲಿ ಇದ್ದಿದ್ದರೆ, ಮಧ್ಯಾಹ್ನದೊಳಗೆ ಅಮ್ಮನನ್ನು ಗೋಡೆ ಮಾಡಿ, ಮನೆಯಲ್ಲಿ ಇಬ್ಬರು ಮಕ್ಕಳು ಮಾತ್ರ ಇದ್ದಾರೆ ಅಂತ ಬರೆದುಕೊಳ್ಳುತ್ತಿತ್ತು.

ಸಾಕು, ನನಗೂ ಬೈದು ಬೈದು ಸುಸ್ತಾಯಿತು. ನಿನ್ನ ಕಣ್ಣನ್ನು ನೀನು ನಂಬುವುದಿಲ್ಲ, ನಂಬು ಅಂತ ನಾನು ಗೋಗರೆಯುವುದೂ ಇಲ್ಲ. ನಿನ್ನ ಭಾಷೆಯಲ್ಲೇ ಕೇಳುತ್ತೀನಿ. ನಾಳೆ ಶನಿವಾರ, ನಿನಗೆ ಪಾಠವಿಲ್ಲ. ಕೋಣೆಯಲ್ಲಿ ಯಂತ್ರ ಎಣಿಸುತ್ತಿರಲಿ. ನೀನು ಕೆಳಗಿಳಿದು ಬಂದು ಅಂಗಳದಲ್ಲಿ ಕೂರು. ದೊಡ್ಡ ಒಲೆ ಒಂದಿಷ್ಟು ಸರಿದು ಜಾಗ ಕೊಡುತ್ತಾಳೆ, ಆಗಲೇ ಹೇಳಿಟ್ಟಿದ್ದೀನಿ. ಮಾತಾಡಬೇಡ, ಘೋಷಣೆ ಕೂಗಬೇಡ, ಸುಮ್ಮನೆ ಕೂತಿರು. ಆಮೇಲೆ ಮೇಲೆ ಹೋಗಿ ಲೆಕ್ಕ ನೋಡು. ನೀನು ಅಂಗಳಕ್ಕೆ ಬಂದದ್ದು ಇರುತ್ತೆ. ತುಸು ಹೊತ್ತಿಗೆ ನೀನು ಇರುವುದಿಲ್ಲ. ಡಾಕ್ಟರೇಟು, ಪ್ರಬಂಧ, ಕನ್ನಡಕ ಎಲ್ಲ ಸಮೇತ ನಿನ್ನದೇ ಯಂತ್ರ ನಿನ್ನನ್ನು ಒರೆಸಿ ಹಾಕಿರುತ್ತೆ. ಇದಕ್ಕೆ ನಿಮ್ಮಲ್ಲಿ ಪ್ರಯೋಗ ಅಂತಾರೆ ತಾನೇ? ಸೋಮವಾರ ಬಂದು ಅಷ್ಟನ್ನೇ ಹೇಳು. ನಾನು ಅಲ್ಲಿ ಕೂತಿದ್ದೆ, ನನ್ನ ಯಂತ್ರ ನನ್ನನ್ನು ಕಾಣಲಿಲ್ಲ ಅಂತ. ಅದಕ್ಕಿಂತ ಒಂದು ಮಾತೂ ಹೆಚ್ಚು ಬೇಡ.

ಬರದಿದ್ದರೆ? ಸೋಮವಾರವೂ ನೀನು ನೆರಿಗೆ ಎತ್ತಿಕೊಂಡು ಅಂಗಳ ದಾಟಬೇಕಾಗುತ್ತೆ. ಆಗ ಅವರು ಕಾಲು ಮಡಚಿ ನಿನಗೆ ದಾರಿ ಬಿಡುತ್ತಾರೆ, ಎಂದಿನ ಹಾಗೆ. ಅದನ್ನು ನೀನು ತಡೆದುಕೊಳ್ಳಲಾರೆ. ನಿನ್ನನ್ನು ನಾನು ಬಲ್ಲೆ.

ಈ ಕಾಗದ ನಿನ್ನ ಕೋಣೆಯ ಬಾಗಿಲಡಿ ತೂರಿಸಿ ಹೋಗುತ್ತಿದ್ದೀನಿ. ಚಿಕ್ಕವಳು ದೊಡ್ಡವರನ್ನು ಹರಸಬಾರದು ಅಂತಾರೆ. ಆದರೂ ಹರಸುತ್ತೀನಿ: ನಾಳೆ ಸಂಜೆಯೊಳಗೆ ನಿನ್ನ ಎರಡೂ ಕಾಲಿಗೆ ಜೋಮು ಹಿಡಿಯಲಿ. ಎಬ್ಬಿಸಲು ನಾನಿರುತ್ತೀನಿ.

ಅಂಗಳದಲ್ಲಿ ಕಾದು ಕೂತಿರುವ
ನಿನ್ನ ತಂಗಿ